ಹೊಲದ ಜೀಪು ಹೆದ್ದಾರಿಗೆ ಇಳಿಯುವ ಮುನ್ನ

ತುಳಸಿ ಲಗ್ನ ಮುಗಿಯಿತೆಂದರೆ ವಿಜಯಪುರದ ಗ್ಯಾರೇಜುಗಳ ಮುಂದೆ ಮೈತುಂಬ ರಾಡಿ ಮೆತ್ತಿಕೊಂಡ ಗಾಡಿಗಳ ಸಾಲು ಶುರುವಾಗುತ್ತದೆ. ಥಾರ್, ಬೊಲೆರೊ, ಅಪ್ಪನ ಕಾಲದ ಜೀಪು. ನಿನ್ನೆವರೆಗೆ ಅವು ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಔಷಧಿ ಡಬ್ಬಿ ಹೊರುತ್ತಿದ್ದವು, ಹಸಿ ಎರೆಹೊಲದಲ್ಲಿ ಹೂತ ಟ್ರ್ಯಾಕ್ಟರ್ ಎಳೆಯುತ್ತಿದ್ದವು. ನಾಳೆ ಬೆಳಗಿನ ಜಾವ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿಗೆ ಮದುವೆಗೆ ಹೊರಡಬೇಕು.

ಅಂಥ ಒಂದು ಗ್ಯಾರೇಜಿನಲ್ಲಿ ನನ್ನೆದುರೇ ಮಾಲೀಕರೊಬ್ಬರು ಕೇಳಿದರು: “ಇಷ್ಟ್ ರಾಡ್ಯಾಗ ಓಡಿದ ಗಾಡಿಗೆ ಡಾಂಬರ್ ರೋಡ್ ಏನ್ ದೊಡ್ಡದ್ರೀ?” ಮೆಕ್ಯಾನಿಕ್ ತಲೆ ಎತ್ತದೆಯೇ ಉತ್ತರ ಕೊಟ್ಟ: “ಪೈಲ್ವಾನನ್ನ ಓಟದ ಪಂದ್ಯಕ್ಕ ನಿಂದರಿಸಿದಂಗ ಆಗ್ತೈತ್ರೀ ಅಣ್ಣಾರ. ತಾಕತ್ತಿಲ್ಲ ಅಂತಲ್ಲ, ರೂಢಿ ಬ್ಯಾರೆ.”

ಆ ರೂಢಿ ಬೇರೆ ಎಂದರೆ ಏನು, ಹೊರಡುವ ಮೊದಲು ಯಾವುದನ್ನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹೊಲದ ಕಷ್ಟ, ಹೆದ್ದಾರಿಯ ಕಷ್ಟ

ಆಫ್‌ರೋಡ್ ಗಾಡಿ ಎಂದರೆ ದಾರಿ ಇಲ್ಲದಲ್ಲೂ ಹೋಗಲೆಂದು ಕಟ್ಟಿದ ಗಾಡಿ. ನೆಲದಿಂದ ಎತ್ತರ, ದಪ್ಪ ಹಲ್ಲಿನ ಟಯರ್, ಹಲವು ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ. ಹೊಲದಲ್ಲಿ ಅದು ಕುಸ್ತಿ ಆಡುತ್ತದೆ: ಗಂಟೆಗೆ 10–20 ಕಿ.ಮೀ. ವೇಗ, ಜೋರು ಎಳೆತ, ಹತ್ತು ನಿಮಿಷದ ಹೋರಾಟ, ಮತ್ತೆ ಬೇವಿನ ಮರದಡಿ ವಿಶ್ರಾಂತಿ.

ಹೆದ್ದಾರಿಯಲ್ಲಿ ವಿಶ್ರಾಂತಿ ಇಲ್ಲ. ವಿಜಯಪುರದಿಂದ ಮನಗೂಳಿ, ನಿಡಗುಂದಿ, ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ ಹಾದು ಚಿತ್ರದುರ್ಗ ಮುಟ್ಟುವುದು ರಾಷ್ಟ್ರೀಯ ಹೆದ್ದಾರಿ 50. ಅಲ್ಲಿಂದ ಹೆದ್ದಾರಿ 48 ಹಿಡಿದರೆ ಬೆಂಗಳೂರು. ಒಟ್ಟು 500 ಕಿ.ಮೀ.ಗೂ ಮೇಲೆ. ಇಂಥ ಗಾಡಿಯ ಚಕ್ರ ಒಂದು ಸುತ್ತು ಹಾಕಿದರೆ ಸುಮಾರು 2.4 ಮೀಟರ್ ಸಾಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಕಡೆಯ ಪ್ರಯಾಣಕ್ಕೇ ಎರಡು ಲಕ್ಷಕ್ಕೂ ಹೆಚ್ಚು ಸುತ್ತು, 90ರ ವೇಗದಲ್ಲಿ ಸೆಕೆಂಡಿಗೆ ಹತ್ತು. ಹೊಲದಲ್ಲಿ ಲೆಕ್ಕಕ್ಕೇ ಬರದ ಸಣ್ಣ ದೋಷ ಅಷ್ಟು ಸಲ ಮರುಕಳಿಸಿದಾಗ ಶಾಖವಾಗುತ್ತದೆ, ನಡುಕವಾಗುತ್ತದೆ. ಹೆದ್ದಾರಿಗೆ ಗಾಡಿ ಸಿದ್ಧ ಮಾಡುವುದೆಂದರೆ ಬಹುತೇಕ ಈ ಎರಡನ್ನು ಹುಡುಕಿ ತೆಗೆಯುವ ಕೆಲಸ.

ಮೊದಲು ಅಡಿಭಾಗ ತೊಳೆಯಿರಿ

ಎಲ್ಲರೂ ಬಾನೆಟ್ ತೆರೆದು ಶುರುಮಾಡುತ್ತಾರೆ. ನನ್ನ ಪ್ರಕಾರ ಶುರುಮಾಡಬೇಕಾದ್ದು ನೀರಿನ ಪೈಪಿನಿಂದ, ಅದೂ ಗಾಡಿಯ ಕೆಳಗಿನಿಂದ. ನಮ್ಮ ಎರೆಮಣ್ಣಿನ ಗುಣ ಗೊತ್ತೇ ಇದೆ. ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಚಕ್ರದ ರಿಮ್ಮಿನ ಒಳಮೈಗೆ ಮೆತ್ತಿಕೊಂಡ ಮಣ್ಣು ಹೊರಗಿನಿಂದ ಕಾಣುವುದೂ ಇಲ್ಲ.

ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲು ಸಣ್ಣದೇ, ಆದರೆ ಬೀಸಿದಷ್ಟೂ ಕೈಯನ್ನು ಹೊರಗೆ ಜಗ್ಗುತ್ತದೆ. ರಿಮ್ಮಿನ ಒಂದು ಬದಿಗೆ ಅಂಟಿದ 100 ಗ್ರಾಂ ಮಣ್ಣು 20ರ ವೇಗದಲ್ಲಿ ಅರ್ಧ ಕಿಲೋದಷ್ಟೂ ಜಗ್ಗುವುದಿಲ್ಲ. 90ರ ವೇಗದಲ್ಲಿ ಅದೇ 100 ಗ್ರಾಂ ಸುಮಾರು 8–9 ಕಿಲೋ ತೂಕ ಎಳೆದಂತೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ಹತ್ತು ಸಲ ದಿಕ್ಕು ಬದಲಿಸುತ್ತ. ಸ್ಟೇರಿಂಗ್ ನಡುಗುವುದು, ಬೇರಿಂಗ್ ಸವೆಯುವುದು ಇದರಿಂದಲೇ. ‘80 ದಾಟಿದರೆ ಗಾಡಿ ಅದುರುತ್ತೆ’ ಎಂದು ದೂರುವವರಲ್ಲಿ ಕೆಲವರಿಗೆ ಬೇಕಾಗಿರುವುದು ಒಂದು ಉಳಿ ಮತ್ತು ಎರಡು ಕೊಡ ನೀರು, ಅಷ್ಟೆ. ತೊಳೆದ ಮೇಲೂ ನಡುಕ ಉಳಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಬೇಕು. ಅಂದರೆ ಚಕ್ರವನ್ನು ಯಂತ್ರದ ಮೇಲೆ ತಿರುಗಿಸಿ, ಹಗುರವಿರುವ ಬದಿಗೆ ಚಿಕ್ಕ ಸೀಸದ ತುಂಡು ಅಂಟಿಸಿ ಸರಿದೂಗಿಸುವುದು. ಮಣ್ಣು ತೆಗೆಯದೆ ಬ್ಯಾಲೆನ್ಸಿಂಗ್ ಮಾಡಿಸಿದರೆ ದುಡ್ಡು ದಂಡ. ದಾರಿಯಲ್ಲಿ ಹೆಂಟೆ ಉದುರಿದ ಕೂಡಲೇ ಲೆಕ್ಕ ತಪ್ಪುತ್ತದೆ.

ತೊಳೆದರೆ ಇನ್ನೊಂದು ಲಾಭವಿದೆ. ಎಣ್ಣೆ ಎಲ್ಲಿ ಸೋರುತ್ತಿದೆ, ಯಾವ ರಬ್ಬರ್ ಹರಿದಿದೆ ಎಂಬುದು ಆಗ ಮಾತ್ರ ಕಾಣುತ್ತದೆ.

ಟಯರ್: ನೋಟಕ್ಕೆ ಹೊಸದು, ವಯಸ್ಸಿಗೆ ಹಳೆಯದು

ಮೆತ್ತನೆಯ ನೆಲದಲ್ಲಿ ಹೂತುಕೊಳ್ಳದಿರಲಿ ಎಂದು ಟಯರ್ ಗಾಳಿಯನ್ನು 18–20 ಪಿಎಸ್‌ಐಗೆ (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ) ಇಳಿಸುವುದುಂಟು. ಗಾಳಿ ಕಡಿಮೆಯಾದರೆ ಟಯರ್ ಅಗಲವಾಗಿ ಹರಡಿ, ಒಂಟೆಯ ಪಾದದಂತೆ ಭಾರವನ್ನು ಹಂಚುತ್ತದೆ. ಹೊಲದಲ್ಲಿ ಇದು ಜಾಣತನ. ಅದೇ ಗಾಳಿಯಲ್ಲಿ ಹೆದ್ದಾರಿಗೆ ಇಳಿದರೆ ಅಪಾಯ.

ಕಾರಣ ಸರಳ. ಕಟ್ಟುವ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಬಿಸಿಯಾಗುತ್ತದೆ, ಆಮೇಲೆ ತುಂಡಾಗುತ್ತದೆ. ಗಾಳಿ ಕಡಿಮೆಯಿರುವ ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಹೀಗೆ ಬಗ್ಗಿ ನೆಟ್ಟಗಾಗುತ್ತದೆ. ರಬ್ಬರಿನೊಳಗಿನ ಶಾಖ ಏರುತ್ತ ಹೋಗಿ, ಪದರಗಳು ಬಿಟ್ಟುಕೊಂಡು ಟಯರ್ ಸಿಡಿಯುತ್ತದೆ. ‘ಬಿಸಿಲಿಗೆ ಗಾಳಿ ಹಿಗ್ಗಿ ಒಡೆಯಿತು’ ಎಂದು ಜನ ಹೇಳುವ ಟಯರುಗಳಲ್ಲಿ ಗಾಳಿ ಕಡಿಮೆಯಿದ್ದವೂ ಇರುತ್ತವೆ ಎಂಬುದು ವಿಚಿತ್ರವಾದರೂ ನಿಜ.

ಹಾಗಾದರೆ ಎಷ್ಟು ಗಾಳಿ? ಗಾಡಿಯ ಕಂಪನಿಯೇ ಅದನ್ನು ಬರೆದಿರುತ್ತದೆ. ಚಾಲಕನ ಬಾಗಿಲು ತೆರೆದರೆ ಒಳಕಂಬದ ಮೇಲೊಂದು ಚೀಟಿ, ಇಲ್ಲವೇ ಕೈಪಿಡಿಯಲ್ಲಿ. ತುಂಬಿದ ಭಾರಕ್ಕೆ ಬೇರೆ ಅಂಕಿ ಇದ್ದರೆ ಕುಟುಂಬ ಸಮೇತ ಹೊರಟಾಗ ಅದನ್ನೇ ಹಿಡಿಯಬೇಕು. ಪಂಚರ್ ಅಂಗಡಿಯಲ್ಲಿ “ಹೈವೇಕ್ಕ ಹೊಂಟೀರಿ, ನಲವತ್ತೈದ್ ಹಾಕಿಬಿಡ್ಲೇನ್ರೀ?” ಎಂದರೆ ಬೇಡವೆನ್ನಿ. ಗಾಳಿ ಅತಿಯಾದರೆ ಟಯರಿನ ನಡುಭಾಗವಷ್ಟೇ ನೆಲಕ್ಕೆ ತಾಗುತ್ತದೆ, ಹಿಡಿತ ತಗ್ಗುತ್ತದೆ. ಅಳೆಯುವುದು ಬೆಳಿಗ್ಗೆ, ಟಯರ್ ತಣ್ಣಗಿರುವಾಗ. ಓಡಿದ ಮೇಲೆ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಅದನ್ನು ಕಂಡು ಗಾಬರಿಯಾಗಿ ಗಾಳಿ ಬಿಡಬಾರದು.

ಹೊಲದ ಗಾಡಿಗೆ ಇನ್ನೊಂದು ಗುಟ್ಟಿನ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬ್‌ಲೆಸ್ ಟಯರಿನಲ್ಲಿ ಮುಳ್ಳು ಮುರಿದು ಒಳಗೇ ಉಳಿದರೆ ಗಾಳಿ ದಿನಕ್ಕೆ ಒಂದೆರಡು ಪಿಎಸ್‌ಐಯಂತೆ ಸೋರುತ್ತದೆ. ತೋಟಕ್ಕೆ ಹೋಗಿಬರುವಾಗ ಯಾರ ಗಮನಕ್ಕೂ ಬಾರದು. ಹೊರಡುವ ಮೂರು ದಿನ ಮೊದಲು ಗಾಳಿ ತುಂಬಿಸಿ, ಎರಡನೇ ದಿನ ಮತ್ತೆ ಅಳೆದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಜಾಗವೂ ಗೊತ್ತಾಗುತ್ತದೆ.

ಇನ್ನು ವಯಸ್ಸು. ಹೊಲದ ಗಾಡಿ ವರ್ಷಕ್ಕೆ ಓಡುವುದೇ ಸ್ವಲ್ಪ, ಹಾಗಾಗಿ ಹಲ್ಲು ಸವೆದಿರುವುದಿಲ್ಲ. ಆದರೆ ವರ್ಷಗಟ್ಟಲೆ ಬಿಸಿಲಿಗೆ ನಿಂತು ರಬ್ಬರ್ ಗಡುಸಾಗಿರುತ್ತದೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಆರು ವರ್ಷ ದಾಟಿದ್ದರೆ, ಪಕ್ಕೆಯಲ್ಲಿ ಒಣಗಿದ ಕೆರೆಯಂಗಳದಂತೆ ಬಿರುಕು ಕಂಡರೆ, ಹಲ್ಲು ಎಷ್ಟೇ ಚೆನ್ನಾಗಿರಲಿ, ದೂರದ ಪ್ರಯಾಣಕ್ಕೆ ಅದು ಬೇಡ. ಸ್ಟೆಪ್ನಿಗೂ ಇದೇ ಪರೀಕ್ಷೆ. ಅದು ಉಳಿದ ನಾಲ್ಕರ ಅಳತೆಯದೇ ಆಗಿದೆಯೇ ಎಂದೂ ನೋಡಿ, ಹಿಂದಿನ ಬಾಗಿಲಿಗೆ ಯಾವುದೋ ಹಳೇ ಟಯರ್ ನೇತುಹಾಕಿದ ಗಾಡಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಮಡ್ ಟಯರ್ ಹಾಕಿಸಿದವರಿಗೊಂದು ಮಾತು. ದೊಡ್ಡ ಹಲ್ಲಿನ ನಡುವೆ ಅಗಲ ಸಂದು ಇರುವುದರಿಂದ ಅದು ಡಾಂಬರನ್ನು ಮುಟ್ಟುವ ಜಾಗ ಕಡಿಮೆ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಜೇನುಹುಳದ ಹಿಂಡಿನಂಥ ಆ ಗುಂಯ್‌ಗುಡುವ ಸದ್ದನ್ನು ದಿನವಿಡೀ ಕೇಳಿಕೊಂಡೇ ಹೋಗಬೇಕು.

ನಾಲ್ಕು ಚಕ್ರದ ಎಳೆತ ಮತ್ತು ಕಣದ ಹಂತಿ

ಗೇರ್ ಲಿವರಿನ ಪಕ್ಕ ಇನ್ನೊಂದು ಚಿಕ್ಕ ಲಿವರ್ ಇದ್ದರೆ ಅದರ ಮೇಲೆ 2ಎಚ್, 4ಎಚ್, 4ಎಲ್ ಎಂಬ ಗುರುತು ಇರುತ್ತದೆ. 2ಎಚ್ ಎಂದರೆ ಹಿಂದಿನ ಎರಡು ಚಕ್ರಕ್ಕಷ್ಟೇ ಎಳೆತ. 4ಎಚ್ ನಾಲ್ಕಕ್ಕೂ. 4ಎಲ್ ನಾಲ್ಕಕ್ಕೂ ನಿಧಾನದ, ಭಾರೀ ಎಳೆತ. (ಬೊಲೆರೊ ಮತ್ತು ಕೆಲವು ಥಾರ್‌ಗಳಲ್ಲಿ ಎರಡೇ ಚಕ್ರದ ಎಳೆತ ಇರುತ್ತದೆ. ಅವರು ಮುಂದಿನ ಭಾಗಕ್ಕೆ ಜಿಗಿಯಬಹುದು.)

‘ನಾಲ್ಕೂ ಚಕ್ರ ಎಳೆದರೆ ಹೆದ್ದಾರಿಯಲ್ಲಿ ಹಿಡಿತ ಜಾಸ್ತಿಯಲ್ಲವೇ, 4ಎಚ್‌ನಲ್ಲೇ ಹೋಗೋಣ’ ಎಂಬ ಆಲೋಚನೆ ಹಲವರದು. ಒಣ ಡಾಂಬರಿನ ಮೇಲೆ ಇದು ಗಾಡಿ ತನ್ನನ್ನು ತಾನೇ ತಿನ್ನುವ ಕೆಲಸ.

ಕಣದಲ್ಲಿ ಮೇಟಿಯ ಸುತ್ತ ಹಂತಿ ಹೊಡೆಯುವುದನ್ನು ನೆನಪಿಸಿಕೊಳ್ಳಿ. ಮೇಟಿಗೆ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂತೆ ನಡೆಯುತ್ತದೆ. ತುದಿಯ ಎತ್ತು ಅದೇ ಹೊತ್ತಿಗೆ ದೊಡ್ಡ ಸುತ್ತು ಹಾಕಬೇಕು. ಇಬ್ಬರಿಗೂ ಒಂದೇ ಹೆಜ್ಜೆ ಎಂದು ಕಟ್ಟಿಹಾಕಿದರೆ ನೊಗ ಮುರಿಯುತ್ತದೆ. ಗಾಡಿ ತಿರುವಿನಲ್ಲಿ ಹೋಗುವಾಗಲೂ ಹೊರಗಿನ ಚಕ್ರ ಹೆಚ್ಚು, ಒಳಗಿನದು ಕಡಿಮೆ ಸಾಗುತ್ತದೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವ ಗೇರಿನ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಕ್ರೌನ್’. ಎಡ-ಬಲ ಚಕ್ರಗಳ ನಡುವೆ ಇದು ಇದ್ದೇ ಇರುತ್ತದೆ. ಆದರೆ ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ (ಅಚ್ಚುಗಳ) ನಡುವೆ ಇರುವುದಿಲ್ಲ. 4ಎಚ್ ಹಾಕಿದ ಕೂಡಲೇ ಮುಂದೆ-ಹಿಂದೆ ಬಿಗಿಯಾಗಿ ಕಟ್ಟಿದಂತೆ. ರಾಡಿಯಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿ ಸಡಿಲಿಸುತ್ತದೆ. ಒಣ ಡಾಂಬರ್ ಜಾರಗೊಡುವುದಿಲ್ಲ. ಬಿಗಿಯೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ.

ಹಾಗಾಗಿ ಹೆದ್ದಾರಿಗೆ 2ಎಚ್. ಹಳೆಯ ಜೀಪುಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ (ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ ಕೊಂಡಿ) ಇದ್ದರೆ ಅದನ್ನೂ ಬಿಡಿಸಿಡಿ. ಲಿವರ್ 2ಎಚ್‌ಗೆ ತಂದಮೇಲೂ ಡ್ಯಾಶ್‌ಬೋರ್ಡಿನ ದೀಪ ಆರದಿದ್ದರೆ ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ತನ್ನಿ. ಒಳಗಿನ ಬಿಗಿ ಬಿಚ್ಚಿ ಗೇರ್ ಹೊರಬರುತ್ತದೆ.

ಕಣ್ಣಿಗೆ ಬೀಳದ ಎಣ್ಣೆಗಳು

ಎಂಜಿನ್ ಆಯಿಲ್ ಎಲ್ಲರಿಗೂ ನೆನಪಿರುತ್ತದೆ. ಗೇರ್‌ಬಾಕ್ಸ್, ಎಳೆತವನ್ನು ಮುಂದೆ-ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್, ಎರಡು ಕ್ರೌನುಗಳು, ಇವುಗಳ ಎಣ್ಣೆ ಮಾತ್ರ ಮರೆತೇಹೋಗಿರುತ್ತದೆ. ಹಳ್ಳ ದಾಟಿದ ಗಾಡಿಗೆ ಮುಖ್ಯವಾದದ್ದು ಇವೇ.

ಬಿಸಿ ಚೊಂಬನ್ನು ನೀರಿನಲ್ಲಿ ಬೋರಲು ಹಾಕಿ ನೋಡಿ, ತಣಿಯುತ್ತ ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಓಡಿ ಬಿಸಿಯಾದ ಕ್ರೌನ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಆಗುವುದೂ ಇದೇ. ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಟದ ಚಿಕ್ಕ ರಂಧ್ರ ಮಣ್ಣಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರು ಒಳಸೇರುತ್ತದೆ. ಪ್ಲಗ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣದ ಎಣ್ಣೆ ಬಂದರೆ ನೀರು ಬೆರೆತಿದೆ ಎಂದೇ ಅರ್ಥ. ಅಂಥ ಎಣ್ಣೆ ಗೇರುಗಳ ನಡುವೆ ಪದರವಾಗಿ ನಿಲ್ಲದು. ಪೂರ್ತಿ ಬದಲಿಸಬೇಕು, ರಂಧ್ರವನ್ನೂ ಶುಚಿ ಮಾಡಬೇಕು.

ಎಳೆತವನ್ನು ಕ್ರೌನಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಲ್ಲಿ, ಅಂದರೆ ಕೀಲುಗಳಲ್ಲಿ, ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಹೊಸ ಗ್ರೀಸ್ ತಳ್ಳಿಸಿ. ಮುಂಚಕ್ರದ ಹಿಂದಿನ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಮುಳ್ಳಿಗೆ ಹರಿದಿದ್ದರೆ ಒಳಗಿನ ಗ್ರೀಸ್ ಹೋಗಿ ಮಣ್ಣು ಸೇರಿರುತ್ತದೆ. ತಿರುವಿನಲ್ಲಿ ಟಕ್ ಟಕ್ ಸದ್ದು ಬಂದರೆ ಅದೇ ಗುರುತು.

ರೇಡಿಯೇಟರ್: ಮುಚ್ಚಿದ ಕಿಟಕಿ

ಎಂಜಿನ್ನಿನ ಶಾಖ ಕೂಲಂಟ್ ಎಂಬ ದ್ರವದ ಮೂಲಕ ರೇಡಿಯೇಟರಿಗೆ ಬಂದು, ಅದರ ತೆಳು ರೆಕ್ಕೆಗಳ ನಡುವೆ ಹಾಯುವ ಗಾಳಿಗೆ ಸೇರಿ ಹೋಗುತ್ತದೆ. ಆ ಸಂದುಗಳಲ್ಲಿ ಕೆಸರು, ಜೋಳದ ರವದಿ, ಹುಲ್ಲಿನ ಬೀಜ ತುಂಬಿದ್ದರೆ ಕಿಟಕಿಗೆ ಗೋಣಿಚೀಲ ಕಟ್ಟಿದಂತೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ವಾಷಿಂಗ್ ಸೆಂಟರಿನ ಜೋರು ಪೈಪನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ, ಇದ್ದ ದಾರಿಯೂ ಮುಚ್ಚುತ್ತದೆ.

ತೋಟದಲ್ಲಿ ಸಿಕ್ಕ ಬೋರಿನ ನೀರನ್ನೇ ರೇಡಿಯೇಟರಿಗೆ ಸುರಿಯುವ ರೂಢಿ ನಮ್ಮ ಕಡೆ ಇದೆ. ನಮ್ಮ ಸವಳು ನೀರು ಕುದಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುವುದನ್ನು ಅಡುಗೆಮನೆಯಲ್ಲಿ ನೋಡಿಯೇ ಇರುತ್ತೀರಿ. ಅದೇ ಹೊಪ್ಪಳಿಕೆ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟಿ ಹರಿವನ್ನು ತಡೆಯುತ್ತದೆ. ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ, ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸಿ ಹಾಕಬೇಕು. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಏರ್ ಫಿಲ್ಟರ್ ನೋಡುವುದನ್ನೂ ಇದೇ ಹೊತ್ತಿನಲ್ಲಿ ಮುಗಿಸಿ.

ಬ್ರೇಕ್

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ, ಅಂದರೆ ಮುಚ್ಚಿದ ಡಬ್ಬಿಯೊಳಗೆ ಉಜ್ಜುವ ಪಟ್ಟಿಗಳು. ಕೆಸರು ನೀರು ಒಳಹೊಕ್ಕರೆ ಹೊರಬರುವ ದಾರಿ ಕಡಿಮೆ. ಡ್ರಮ್ ಬಿಚ್ಚಿಸಿ ಮಣ್ಣು ತೆಗೆಸಿ, ಪಟ್ಟಿ ನೋಡಿಸಿ.

ಬ್ರೇಕ್ ಫ್ಲೂಯಿಡ್ ವಿಷಯ ಸ್ವಲ್ಪ ಸೂಕ್ಷ್ಮ. ಪೆಡಲ್ ಒತ್ತಿದ ಬಲ ಚಕ್ರಕ್ಕೆ ಮುಟ್ಟುವುದು ಈ ದ್ರವದ ಮೂಲಕ, ದ್ರವ ಕುಗ್ಗುವುದಿಲ್ಲ ಎಂಬ ಗುಣದಿಂದ. ಆದರೆ ಇದು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ್ದಕ್ಕೆ ಆ ಮಟ್ಟ 155ರವರೆಗೂ ಇಳಿಯಬಹುದು. ಭಾರದ ಗಾಡಿಯನ್ನು ವೇಗದಿಂದ ಪದೇಪದೇ ನಿಲ್ಲಿಸಿದಾಗ ಬ್ರೇಕಿನ ಶಾಖ ಏರಿ ದ್ರವ ಕುದಿದರೆ ಗುಳ್ಳೆ ಹುಟ್ಟುತ್ತದೆ. ಗುಳ್ಳೆ ಕುಗ್ಗುತ್ತದೆ. ಪಂಪ್‌ಸೆಟ್ ಪೈಪಿನಲ್ಲಿ ಗಾಳಿ ಹಿಡಿದರೆ ನೀರು ಏರದಂತೆ, ಪೆಡಲ್ ತಳಕ್ಕೆ ಹೋದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಇದನ್ನು ಕೊನೆಗೆ ಯಾವಾಗ ಬದಲಿಸಿದ್ದು ಎಂದು ನೆನಪಾಗದಿದ್ದರೆ ಈಗಲೇ ಬದಲಿಸುವುದು ಒಳ್ಳೆಯದು.

ಎತ್ತರ, ಭಾರ, ಗಾಳಿ

ಕಣಿಕೆ ಎತ್ತರಕ್ಕೆ ಹೇರಿದ ಚಕ್ಕಡಿ ಸಣ್ಣ ಓರೆಗೂ ವಾಲುತ್ತದೆ. ಜೀಪಿನ ಭಾರವೂ ಮೇಲಿದೆ. ಕ್ಯಾರಿಯರ್ ಮೇಲೆ ಅಕ್ಕಿ ಚೀಲ, ಪಾತ್ರೆ ಗಂಟು ಹೇರಿದರೆ ಇನ್ನೂ ಮೇಲಾಗುತ್ತದೆ. ಅಡ್ಡಬಂದ ನಾಯಿಯನ್ನು ತಪ್ಪಿಸಲು 90ರ ವೇಗದಲ್ಲಿ ಸ್ಟೇರಿಂಗ್ ತಟ್ಟನೆ ತಿರುವಿದರೆ ಕಾರು ಜಾರಬಹುದು, ಇದು ಪಲ್ಟಿಯಾಗಬಹುದು. ಭಾರದ ಸಾಮಾನು ಒಳಗೆ, ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಿಂದೆ ಬಿದ್ದಿರುವ ಹಾರೆ, ಸಲಿಕೆ, ಎಳೆಯುವ ಸರಪಳಿಯನ್ನು ಮನೆಯಲ್ಲೇ ಇಳಿಸಿ. ಡಿಕ್ಕಿಯಾದರೆ ಅವು ಗಾಡಿಯ ವೇಗದಲ್ಲೇ ಮುಂದಕ್ಕೆ ಹಾರುತ್ತವೆ. ಹಳೆಯ ಜೀಪಿನ ಎದುರುಬದುರು ಸೀಟಿನಲ್ಲಿ ಬೆಲ್ಟ್ ಇಲ್ಲದೆ ಎಂಟು ಮಂದಿಯನ್ನು ಕೂರಿಸಿಕೊಂಡು ಹೋಗುವುದನ್ನು ಯಾವ ತಯಾರಿಯೂ ಸುರಕ್ಷಿತ ಮಾಡಲಾರದು.

ಬೈಕಿನ ಹಿಂದೆ ಕುಳಿತು ಪ್ಲೈವುಡ್ ಹಲಗೆ ಹಿಡಿದು ಬಂದವರಿಗೆ ಗಾಳಿಯ ತಡೆ ಗೊತ್ತು. ಜೀಪಿನ ಮುಖವೂ ಅಂಥದೇ ಹಲಗೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚುತ್ತದೆ, ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. 500 ಕಿ.ಮೀ.ಗೆ ಕಾಗದದ ಮೇಲೆ ಉಳಿಯುವುದು ಒಂದೂಕಾಲು ಗಂಟೆ. ಡೀಸೆಲ್ ಬಂಕಿನ ಮುಂದೆ ನಿಂತಾಗ ಆ ಉಳಿತಾಯಕ್ಕೆ ಎಷ್ಟು ತೆತ್ತಿರಿ ಎಂದು ಗೊತ್ತಾಗುತ್ತದೆ. ಹಳೆಯ ಜೀಪಾದರೆ 70–80ರಲ್ಲಿ ಹೋಗುವುದೇ ಅದಕ್ಕೂ ಹಿತ, ಕೂತವರಿಗೂ ಹಿತ.

ಗಾರ್ಡು, ಲೈಟು, ಟೋಲು

ಮುಂದಿನ ಕಬ್ಬಿಣದ ಗಾರ್ಡ್ ಬಗ್ಗೆ ಹೆಮ್ಮೆ ಪಡುವವರಿದ್ದಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಇದನ್ನು ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ ಎಂದು ತಿಳಿಸಿದೆ. ದಂಡದ ಮಾತು ಹಾಗಿರಲಿ, ಡಿಕ್ಕಿಯ ಪೆಟ್ಟು ಗಾರ್ಡಿನ ಮೂಲಕ ನೇರ ಚಾಸಿಗೆ ಹೋದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಲೆಕ್ಕ ತಪ್ಪಬಹುದು. ಹೊಲದ ರಾತ್ರಿಗೆಂದು ಹಾಕಿಸಿದ ಹೆಚ್ಚುವರಿ ಲೈಟುಗಳಿಗೆ ಹೆದ್ದಾರಿಯಲ್ಲಿ ಮುಸುಕು ಹಾಕಿ. ಹಿಂದೆ ಭಾರ ಹೇರಿದಾಗ ಮೂತಿ ಮೇಲೆದ್ದು ಮೂಲ ಹೆಡ್‌ಲೈಟೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ತಗ್ಗಿಸುವ ಗುಂಡಿ ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಬಳಸಿ.

ತೋಟಕ್ಕಷ್ಟೇ ಓಡುವ ಗಾಡಿಯ ವಿಮೆ, ಹೊಗೆ ಪರೀಕ್ಷೆಯ ಪತ್ರ ಎಂದೋ ಮುಗಿದಿರಬಹುದು, ಫಾಸ್ಟ್ಯಾಗ್ ಖಾಲಿಯಿರಬಹುದು. 2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ವಾರ್ಷಿಕ ಪಾಸ್ ಬಂದಿದೆ (ಶುರುವಿನಲ್ಲಿ ಅದರ ಬೆಲೆ 3,000 ರೂಪಾಯಿ ಇತ್ತು), ರಾಷ್ಟ್ರೀಯ ಹೆದ್ದಾರಿಗಳ ಟೋಲಿನಲ್ಲಿ ಒಂದು ವರ್ಷ ಅಥವಾ 200 ಸಲ ದಾಟಲು. ವರ್ಷಕ್ಕೊಮ್ಮೆ ಹೋಗುವವರಿಗೆ ಅದರ ಅಗತ್ಯವಿಲ್ಲ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಕರೆ ಮಾಡಬಹುದು.

ಹಿಂದಿನ ದಿನದ ಓಟ

ಗ್ಯಾರೇಜಿನಿಂದ ನೇರ ಮದುವೆಗೆ ಹೋಗಬೇಡಿ. ಹಿಂದಿನ ದಿನ ಮನಗೂಳಿ ದಾಟಿ ಒಂದಷ್ಟು ದೂರ ಹೋಗಿಬನ್ನಿ. 60ರಲ್ಲಿ, ಆಮೇಲೆ 80ರಲ್ಲಿ. ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆಯೇ, ಯಾವ ವೇಗದಲ್ಲಿ ನಡುಕ ಶುರುವಾಗುತ್ತದೆ ಎಂದು ಗಮನಿಸಿ. ಮುಂದಿನ ಆಕ್ಸಲ್ ಒಂದೇ ತುಂಡಾಗಿರುವ ಹಳೆಯ ಜೀಪುಗಳಲ್ಲಿ ಸಣ್ಣ ಗುಂಡಿ ಹಾದ ಮೇಲೆ ಚಕ್ರಗಳು ತಾವಾಗಿ ಪಟಪಟ ಅಲುಗಿ ನಿಲ್ಲದಿದ್ದರೆ ಚಕ್ರ ತಿರುಗಿಸುವ ಕೀಲುಗಳು, ಅಂದರೆ ಟೈ ರಾಡ್ ತುದಿ, ಕಿಂಗ್ ಪಿನ್ ಬೇರಿಂಗ್ ಸಡಿಲಾಗಿರಬಹುದು. ಆಗ ಹೌಹಾರದೆ ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ವೇಗ ಇಳಿಸಬೇಕು.

ಕಬ್ಬು ನುರಿಸುವ ಹಂಗಾಮು ಆಗಿರುವುದರಿಂದ ಹೊರಡುವುದು ಬೆಳಕು ಹರಿದ ಮೇಲೆ ಇಟ್ಟುಕೊಂಡರೆ ಮೇಲು. ಹಿಂದೀಪವಿಲ್ಲದ ಜೋಡಿ ಟ್ರೇಲರ್ ಟ್ರ್ಯಾಕ್ಟರುಗಳು ಕತ್ತಲಲ್ಲಿ ತೀರಾ ಹತ್ತಿರ ಬಂದ ಮೇಲಷ್ಟೇ ಕಾಣುತ್ತವೆ.

ನೂರು ಕಿ.ಮೀ. ದಾಟಿದ ಮೇಲೆ ಸಿಗುವ ಇಳಕಲ್‌ನಲ್ಲಿ ಚಹಾಕ್ಕೆ ನಿಂತಾಗ ಎರಡು ಕೆಲಸ ಮಾಡಿ. ಹಿಂದಿನ ದಿನ ಚಕ್ರ ಬಿಚ್ಚಿಸಿದ್ದರೆ ಪಾನಾ ಹಾಕಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಹೊಸದಾಗಿ ಕೂರಿಸಿದವು ಸ್ವಲ್ಪ ಸಡಿಲುವುದುಂಟು. ಆಮೇಲೆ ಅಂಗೈಯ ಹಿಂಬದಿಯನ್ನು ನಾಲ್ಕೂ ಚಕ್ರದ ನಡುಭಾಗದ ಹತ್ತಿರ, ಮುಟ್ಟದೆ, ಹಿಡಿದು ನೋಡಿ. ಮುಂದಿನೆರಡು ಒಂದಕ್ಕೊಂದು, ಹಿಂದಿನೆರಡು ಒಂದಕ್ಕೊಂದು ಸಮನಾಗಿ ಬೆಚ್ಚಗಿದ್ದರೆ ಸರಿ. ಒಂದೇ ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಅಂಥ ಚಕ್ರದೊಂದಿಗೆ ಕುಷ್ಟಗಿಯ ಕಡೆ ಮುಂದುವರಿಯುವುದಕ್ಕಿಂತ ಇನ್ನೊಂದು ಚಹಾ ಹೇಳಿ ಅಲ್ಲೇ ಮೆಕ್ಯಾನಿಕ್‌ನನ್ನು ಕರೆಸುವುದು ವಾಸಿ. ಅಕ್ಷತೆಯ ಹೊತ್ತು ತಪ್ಪಿದರೂ ಊಟದ ಹೊತ್ತಿಗಾದರೂ ಮುಟ್ಟುತ್ತೀರಿ.